ಗಾದಿಯವನು ಗಾಡಿ ಇಳಿಸಿದ ಪ್ರಸಂಗ

ಮನುಷ್ಯನ ಬೆನ್ನಿಗೆ ಏನು ಬೇಕು ಎಂಬ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಇದು ಜಂಬವಲ್ಲ, ಮೂರು ತಲೆಮಾರಿನ ಕಸುಬು. ನಮ್ಮಜ್ಜ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಶಿವಮೊಗ್ಗದ ಬೀದಿ ಬೀದಿ ತಿರುಗಿದವನು. ನಮ್ಮಪ್ಪ ಅದಕ್ಕೊಂದು ಅಂಗಡಿ ಹಾಕಿದ. ನಾನು ಅಂಗಡಿಗೊಂದು ಬೋರ್ಡು ಹಾಕಿಸಿದೆ. ವಿದ್ಯಾನಗರದಲ್ಲಿ ಯಾರನ್ನಾದರೂ ನಿಲ್ಲಿಸಿ ಗಾದಿ ಖಲೀಲನ ಅಂಗಡಿ ಎಲ್ಲಿ ಎಂದು ಕೇಳಿ, ತೋರಿಸುತ್ತಾರೆ. ಕೆಲವರು ಆಕಳಿಸುತ್ತಲೇ ತೋರಿಸುತ್ತಾರೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಹೀಗಿರುವಾಗ ಒಂದು ಪಿಕಪ್ ಗಾಡಿಯನ್ನು ನಾಲ್ಕು ಬೆರಳು ಕೆಳಗಿಳಿಸಿ, ಒಳಗೆ ಕೂತವರ ಮೈ ಕುಲುಕದಂತೆ ಮಾಡುವುದು ನನಗೊಂದು ಕೆಲಸವೇ ಅಲ್ಲ ಎಂದು ತಿಳಿದದ್ದರಲ್ಲಿ ತಪ್ಪೇನಿದೆ? ಗಾದಿಗೂ ಗಾಡಿಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರ ನನ್ನನ್ನು ಎಲ್ಲಿಗೆ ತಂದು ಕೂರಿಸಿತು ಎಂಬುದನ್ನು ಕೇಳಿ.

ಗಾಡಿ ಇಳಿಸುವ ಯೋಚನೆ ಹುಟ್ಟಿದ್ದು ನನ್ನ ಹೆಂಡತಿ ಜಮೀಲಾಳ ಮೊಣಕಾಲಿನಿಂದ. ಜಮೀಲಾ ಭದ್ರಾವತಿಯ ಹುಡುಗಿ. ಈಗಲೂ ನನಗೆ ಹುಡುಗಿಯೇ, ಮೊಮ್ಮಕ್ಕಳಿದ್ದಾರೆ ಎಂಬುದು ಬೇರೆ ಮಾತು. ಪ್ರತಿ ಭಾನುವಾರ ನಾನು ಭದ್ರಾವತಿಯ ಗಿರಾಕಿಗಳಿಗೆ ಗಾದಿ ತಲುಪಿಸಲು ಹೊರಟರೆ ಪಕ್ಕದ ಸೀಟಿನಲ್ಲಿ ಅವಳು ಇರಲೇಬೇಕು. ನನಗೆ ಜೊತೆಯಾಯಿತು, ಅವಳಿಗೆ ತವರಾಯಿತು. ಮನೆಯಲ್ಲಿ ನಮ್ಮ ಮಾತು ಅಷ್ಟಕ್ಕಷ್ಟೇ. ಅಕ್ಕಿ ಮುಗಿಯಿತು, ಗ್ಯಾಸ್ ಬಂತು, ದೀಪ ಆರಿಸಿ. ನಿಜವಾದ ಮಾತೆಲ್ಲ ಗಾಡಿಯಲ್ಲಿ. ಮಲವಗೊಪ್ಪ ಬರುವಷ್ಟರಲ್ಲಿ ನೆಂಟರ ಸುದ್ದಿ ಮುಗಿಯುತ್ತಿತ್ತು. ಮಾಚೇನಹಳ್ಳಿ ಹತ್ತಿರ ನನ್ನ ತಪ್ಪುಗಳ ವಿಚಾರಣೆ ಶುರುವಾಗುತ್ತಿತ್ತು. ಭದ್ರಾವತಿಯ ಸೇತುವೆಯ ಮೇಲೆ ನನಗೆ ಕ್ಷಮೆ ಸಿಗುತ್ತಿತ್ತು.

ಈ ವರ್ಷ ಅವಳ ಮೊಣಕಾಲು ಕೈಕೊಟ್ಟಿತು. ನಮ್ಮ ಪಿಕಪ್ಪಿನ ಸೀಟು ಮೊದಲೇ ಎತ್ತರ. ಒಂದು ಭಾನುವಾರ ಬಾಗಿಲು ಹಿಡಿದು ಅರ್ಧ ಹತ್ತಿದವಳು, ಮುಖ ಹಿಂಡಿಕೊಂಡು ಕೆಳಗಿಳಿದು, ನೀವೇ ಹೋಗಿಬನ್ನಿ ಎಂದು ಒಳಗೆ ಹೋದಳು. ಅಂದಿನಿಂದ ನಾನು ಆ ಸೀಟಿನಲ್ಲಿ ಟಿಫನ್ ಡಬ್ಬಿಯನ್ನು ಕೂರಿಸಿ, ಬೀಳದಂತೆ ಬೆಲ್ಟು ಹಾಕಿ ಕರೆದುಕೊಂಡು ಹೋಗುತ್ತಿದ್ದೆ. ಡಬ್ಬಿ ಒಳ್ಳೆಯದೇ. ಆದರೆ ಮಾತಾಡುವುದಿಲ್ಲ.

ಎತ್ತರದ ಜೊತೆಗೆ ಕುಲುಕಾಟ ಬೇರೆ. ನಮ್ಮದು ಟನ್ನುಗಟ್ಟಲೆ ಹೊರಲೆಂದು ಹುಟ್ಟಿದ ಗಾಡಿ. ನಾನು ಅದರ ಮೇಲೆ ಹೇರುವುದು ಹತ್ತಿ. ಇಷ್ಟು ದೊಡ್ಡ ದೇಹಕ್ಕೆ ಇಷ್ಟೇನಾ ಕೆಲಸ ಎಂದು ಅದಕ್ಕೆ ಅವಮಾನವಾಗಿ ಗುಂಡಿ ಗುಂಡಿಗೂ ಕುಪ್ಪಳಿಸುತ್ತಿತ್ತು. ಊರಿಗೆಲ್ಲ ಮೆತ್ತನೆಯ ಗಾದಿ ಕೊಡುವವನ ಹೆಂಡತಿಯ ಸೊಂಟಕ್ಕೆ ಈ ಗತಿ!

ಇಲ್ಲೊಂದು ಮಾತು ಹೇಳಬೇಕು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಸಿಟ್ಟು ಬಂದರೆ ಜಮೀಲಾ ಕನ್ನಡಕ್ಕೆ ಬದಲಾಗುತ್ತಾಳೆ. ಉರ್ದುವಿನಲ್ಲಿ ಬಯ್ದರೆ ನನಗೆ ತಾಗುವುದಿಲ್ಲ ಎಂಬುದು ಅವಳ ಇಷ್ಟು ವರ್ಷದ ಅನುಭವ. ಹಾಗಾಗಿ ಅವಳ ಬಾಯಲ್ಲಿ ಕನ್ನಡ ಬಂತೆಂದರೆ ನಾನು ಎಚ್ಚರವಾಗುತ್ತೇನೆ. ಈ ಒಂದು ನಿಯಮದ ಮೇಲೆ ನಮ್ಮ ಸಂಸಾರ ಸುಸೂತ್ರವಾಗಿ ನಡೆದಿದೆ.

ಅವಳ ತಮ್ಮ ನಜೀರ್ ಭದ್ರಾವತಿಯಲ್ಲಿದ್ದಾನೆ. ಅವನ ಮಗಳು ಶಬೀನಾಳ ಮದುವೆ ಗೊತ್ತಾಯಿತು. ಮದುಮಗಳ ಗಾದಿ ನಮ್ಮ ಉಡುಗೊರೆ. ಗಂಡಿನ ಕಡೆಯವರಿಗೆ ಹಾಸಲು ಬೇಕಾದ ಹಾಸಿಗೆಗಳೂ ನಮ್ಮವೇ. ಒಂದು ಬೆಳಿಗ್ಗೆ ಪಕ್ಕದ ಮನೆಯ ಗೌರಕ್ಕ ಕರಿಬೇವು ಕೊಡಲು ಬಂದು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ನಾನು ಜಮೀಲಾಳಿಗೆ, ಮದುವೆಯ ಹಿಂದಿನ ದಿನ ಗಾದಿಗಳನ್ನು ಹೇರಿಕೊಂಡು ಇಬ್ಬರೂ ನಮ್ಮ ಗಾಡಿಯಲ್ಲೇ ಹೋಗೋಣ ಎಂದೆ. ಅವಳು ಕರಿಬೇವು ಬಿಡಿಸುತ್ತಾ ನನ್ನ ಕಡೆ ನೋಡಿದಳು.

“ನಿಮ್ಮ ಗಾಡೀಲಿ ಬರ್ಬೇಕಂದ್ರೆ ನಂಗ್ಯಾರು ಮಣೆ ಹಾಕ್ತಾರೆ? ಒಂದಿನ ಆದ್ರೂ ಮಣೆ ಹಾಕಿದೀರಾ ನೀವು?”

ಕನ್ನಡ! ಅದೂ ಮಣೆ! ನಮ್ಮ ಕಡೆ ಮಣೆ ಹಾಕುವುದೆಂದರೆ ಏನು ಎಂಬುದು ಎಲ್ಲರಿಗೂ ಗೊತ್ತು. ಹೊಸ ಅಳಿಯನಿಗೆ ಮಣೆ ಹಾಕುತ್ತಾರೆ. ಎಲೆಕ್ಷನ್ನಿಗೆ ಟಿಕೆಟ್ ಕೊಡುವಾಗ ದುಡ್ಡಿದ್ದವರಿಗೆ ಮಣೆ ಹಾಕುತ್ತಾರೆ. ಅಂದರೆ ಮರ್ಯಾದೆ ಕೊಡುವುದು, ಮುಂದೆ ಕೂರಿಸುವುದು. ಇಷ್ಟು ವರ್ಷ ನಾನು ಅವಳಿಗೆ ಮರ್ಯಾದೆಯನ್ನೇ ಕೊಟ್ಟಿಲ್ಲ ಎಂದು ಪಕ್ಕದ ಮನೆಯವರ ಎದುರಿಗೇ ಹೇಳಿದಳಲ್ಲ ಎಂದು ನನ್ನ ಮುಖ ಸಣ್ಣದಾಯಿತು. ಗೌರಕ್ಕ ಬೇರೆ ನಕ್ಕರು. ನಾನು ಬಾಯಿ ಬಿಡದೆ ನಿಂತದ್ದನ್ನು ನೋಡಿ ಜಮೀಲಾ, ಹೋಗಲಿ ಬಿಡಿ, ನಜೀರನ ಕಾರಿನಲ್ಲೇ ಹೋಗುತ್ತೇನೆ, ಗೌರಕ್ಕನೂ ಬರುತ್ತಾರೆ ಎಂದು ಒಳಗೆ ಹೋದಳು.

ಅವಳ ಜಾಗ ನನ್ನ ಪಕ್ಕದ ಸೀಟು. ಅವಳು ಇನ್ನೊಬ್ಬರ ಕಾರಿನಲ್ಲಿ ತವರಿನ ಮದುವೆಗೆ ಹೋಗುವುದೆಂದರೆ ನನಗೆ ಸಂಕಟವಾಯಿತು. ಆ ಕ್ಷಣವೇ ತೀರ್ಮಾನಿಸಿದೆ. ಹೆಂಡತಿ ಗಾಡಿಯ ಮಟ್ಟಕ್ಕೆ ಏರಲಾರಳು ಎಂದಾದರೆ ಗಾಡಿಯೇ ಹೆಂಡತಿಯ ಮಟ್ಟಕ್ಕೆ ಇಳಿಯತಕ್ಕದ್ದು! ಒಳಗೆ ಕೂತರೆ ತೊಟ್ಟಿಲಲ್ಲಿ ಕೂತಂತಿರತಕ್ಕದ್ದು! ಅಲ್ಲಿಯವರೆಗೆ ಈ ವಿಷಯ ಅವಳ ಕಿವಿಗೆ ಬೀಳಕೂಡದು. ಹೇಳಿ ಮಾಡುವ ಮರ್ಯಾದೆ ಮರ್ಯಾದೆಯೇ ಅಲ್ಲ.

ಭದ್ರಾವತಿ ಕಬ್ಬಿಣದ ಊರು. ಅಲ್ಲಿ ಮುರುಗೇಶ ಎಂಬುವನ ಗ್ಯಾರೇಜಿದೆ. ಪಿಕಪ್ಪುಗಳ ಹಿಂದಿನ ಗಾಲಿಯ ಮೇಲೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಗ್ಯಾರೇಜಿನವರು ಅವಕ್ಕೆ ಪ್ಲೇಟು ಅನ್ನುತ್ತಾರೆ. ಆ ಪ್ಲೇಟಿನ ಕೆಲಸಕ್ಕೆ ಮುರುಗೇಶ ಹೆಸರುವಾಸಿ. ನಾನು ಹೋಗಿ, ಅಣ್ಣಾ, ಗಾಡಿ ಇಳಿಸಬೇಕು ಎಂದೆ. ಅವನು ಗಾಡಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿ ವಾಪಸ್ ಬಂದ.

“ಏನಿದೆ ಭಾಯ್ ಇಳ್ಸಕ್ಕೆ? ಖಾಲಿ ಇದೆಯಲ್ಲ.”

ಲೋಡು ಇಳಿಸುವುದಲ್ಲ, ಗಾಡಿಯನ್ನೇ ಇಳಿಸುವುದು ಎಂದು ತಿಳಿಹೇಳಬೇಕಾಯಿತು. ಅವನಿಗೆ ಆಶ್ಚರ್ಯ. ಅವನ ಸರ್ವೀಸಿನಲ್ಲಿ ಬಂದವರೆಲ್ಲ ಇನ್ನೆರಡು ಪ್ಲೇಟು ಜಾಸ್ತಿ ಹಾಕು, ಇನ್ನಷ್ಟು ಹೇರಬೇಕು ಎಂದವರೇ. ಇಳಿಸು ಎಂದು ಕೇಳುವವರು ಕಾಲೇಜು ಹುಡುಗರು, ಅದೂ ಕಾರುಗಳನ್ನು, ಶೋಕಿಗೆ. ನಿಮಗೂ ಶೋಕಿನಾ ಎಂದು ಕೇಳಿದ. ಗುಟ್ಟು ಕಾಪಾಡಬೇಕಲ್ಲ, ಹೂಂ ಎಂದುಬಿಟ್ಟೆ. ಅವನು ನನ್ನ ಬಿಳಿ ಗಡ್ಡವನ್ನೂ ಗಾಡಿಯನ್ನೂ ಒಂದು ಸಲ ನೋಡಿ ಕೆಲಸಕ್ಕಿಳಿದ. ಅವನ ಬೆನ್ನಿಗೆ ನೆಲ ಒತ್ತಬಾರದೆಂದು ನನ್ನ ಗಾಡಿಯ ಟಾರ್ಪಾಲನ್ನೇ ಮಡಿಸಿ ಕೆಳಗೆ ಹಾಸಿಕೊಟ್ಟೆ. ಎಷ್ಟೆಂದರೂ ಕಸುಬಿನ ಬುದ್ಧಿ.

ಎರಡೂ ಕಡೆಯಿಂದ ಪ್ಲೇಟು ಕಳಚಿದ ಮೇಲೆ ಗಾಡಿ ಸರಿಯಾಗಿ ನಾಲ್ಕು ಬೆರಳು ಇಳಿಯಿತು. ಹಿಂದುಗಡೆ! ತ್ಯಾವರೆಕೊಪ್ಪದ ಸಫಾರಿಯ ಸಿಂಹ ಊಟವಾದ ಮೇಲೆ ಕೂರುತ್ತದಲ್ಲ, ಹಾಗೆ ಹಿಂಭಾಗ ನೆಲಕ್ಕೆ ಊರಿ ಮುಖ ಮೇಲೆತ್ತಿ ಕೂತುಬಿಟ್ಟಿತು. ಹಿಂದೆ ಗಾದಿ ಹೇರುವ ಜಾಗ ಹಂಸತೂಲಿಕಾತಲ್ಪ. ನನ್ನ ಗಾದಿಗಳು ಅಲ್ಲಿ ಪರಮ ಸುಖವಾಗಿ ಪ್ರಯಾಣ ಮಾಡಬಹುದಿತ್ತು. ಮುಂದಿನ ಸೀಟು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ನನ್ನ ಹೆಂಡತಿ ಕೂರುವುದು ಮುಂದೆ ಎಂದು ನಾನು ಹೇಳಿರಲಿಲ್ಲ. ಅವನು ಕೇಳಿರಲಿಲ್ಲ. ಶೋಕಿಯಲ್ಲಿ ಹೆಂಡತಿ ಎಲ್ಲಿಂದ ಬರಬೇಕು?

ವಾಪಸ್ ಬರುವಾಗ ಆಕಾಶ ನೋಡಿಕೊಂಡು ಗಾಡಿ ಓಡಿಸಿದೆ. ಮುಸ್ಸಂಜೆಯಾಗಿತ್ತು. ನನ್ನ ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಮರದ ತುದಿಗಳಿಗೆ ಬೀಳುತ್ತಿತ್ತು. ಒಬ್ಬ ಆಟೋದವನು ಪಕ್ಕಕ್ಕೆ ಬಂದು, ಮರದ ಮೇಲೆ ಏನಾದರೂ ಕಳೆದುಕೊಂಡಿದ್ದೀರಾ ಎಂದು ವಿನಯದಿಂದ ವಿಚಾರಿಸಿದ.

ಮರುದಿನವೇ ಮತ್ತೆ ಮುರುಗೇಶನ ಮುಂದೆ ಹಾಜರಾದೆ. ಹಿಂದೆ ಇಳಿಸಿದಷ್ಟೇ ಮುಂದೆಯೂ ಇಳಿಸು ಎಂದೆ. ಮುಂದುಗಡೆ ಪ್ಲೇಟಿಲ್ಲ, ಬೋಲ್ಟು ತಿರುಗಿಸಬೇಕು, ಆದರೆ ಜಾಸ್ತಿ ಇಳಿಸಿದರೆ ಒಳಗಿನ ಕಬ್ಬಿಣ ಹೋಗಿ ರಬ್ಬರಿಗೆ ಹೊಡೆಯುತ್ತದೆ ಭಾಯ್ ಎಂದು ಅವನು ಹೇಳಿದ. ನನಗೆ ಕೇಳಿಸಿದ್ದು ರಬ್ಬರ್ ಎಂಬ ಶಬ್ದ ಮಾತ್ರ. ರಬ್ಬರ್ ಎಂದರೆ ಮೆತ್ತಗೆ ತಾನೆ? ಹೊಡೆಯಲಿ ಬಿಡು ಎಂದೆ.

ಗಾಡಿ ಇಳಿಯಿತು. ಹಿಂದೆ ಮುಂದೆ ಸಮಸಮ. ದೂರ ನಿಂತು ನೋಡಿದೆ. ಮೆಟ್ಟಿಲು ಜಮೀಲಾಳ ಕಾಲಿಗೆ ಎಟುಕುವಷ್ಟು ಹತ್ತಿರ ಬಂದಿತ್ತು. ಕಣ್ಣು ತುಂಬಿ ಬಂತು. ಹತ್ತಿ ಕೂತು ಹೊರಟೆ. ಗ್ಯಾರೇಜಿನ ಮುಂದಿನ ಮೊದಲ ಗುಂಡಿಯಲ್ಲೇ ಮತ್ತೆ ಕಣ್ಣು ತುಂಬಿ ಬಂತು. ಈ ಸಲ ಕಾರಣ ಬೇರೆ. ಆ ಹೊಡೆತ ಗಾಲಿಯಿಂದ ಹೊರಟು, ಸೀಟು ದಾಟಿ, ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಮಾತಾಡಿಸಿಕೊಂಡು ಬಂದು ಹಲ್ಲಿನಲ್ಲಿ ನಿಂತಿತು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಎಷ್ಟು ಗುಂಡಿಗಳಿವೆ ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನ ದವಡೆಯನ್ನು ಕೇಳಬಹುದು.

ಇಲ್ಲಿಗೆ ಸೋಲೊಪ್ಪುವ ವಂಶ ನಮ್ಮದಲ್ಲ. ಎತ್ತರದ ಸಮಸ್ಯೆ ಮುರುಗೇಶನದು, ಅದು ಮುಗಿಯಿತು. ಮೆತ್ತಗಿನ ಸಮಸ್ಯೆ ನನ್ನದು! ನಾಳೆಯೊಳಗೆ ನೋಡು ಎಂದು ನನಗೆ ನಾನೇ ಹೇಳಿಕೊಂಡು ಅಂಗಡಿಯಲ್ಲಿ ಕೂತೆ. ಬೂರುಗದ ಹತ್ತಿಯಲ್ಲಿ ಮೇಲ್ತರದ್ದನ್ನು ಆರಿಸಿ, ಎರಡು ಸಲ ಹಿಂಜಿ, ದಪ್ಪ ಬಟ್ಟೆಗೆ ತುಂಬಿ, ದಬ್ಬಣ ಹಿಡಿದು ಹೊಲಿದೆ. ಕೂತರೆ ಕೂತದ್ದು ಗೊತ್ತಾಗಬಾರದು, ಅಂಥ ಮೆತ್ತೆ. ಪಕ್ಕದ ಸೀಟಿನ ಮೇಲಿಟ್ಟು, ಗಾಡಿಯನ್ನು ಮನೆಯ ಮುಂದೆ ತಂದು, ಬಾಗಿಲು ತೆಗೆದು ಹಿಡಿದು ಜಮೀಲಾಳನ್ನು ಕರೆದೆ.

ಅವಳು ಬಂದಳು. ಮೆಟ್ಟಿಲು ನೋಡಿದಳು. ಆಮೇಲೆ ಒಳಗೆ ನೋಡಿದಳು. ಮೆತ್ತೆ ಸೀಟಿನಿಂದೆದ್ದು ಎದೆಮಟ್ಟಕ್ಕೆ ನಿಂತಿತ್ತು. ಗಾಡಿಯನ್ನು ನಾಲ್ಕು ಬೆರಳು ಇಳಿಸಿದ್ದೆ, ಸೀಟನ್ನು ಒಂದು ಗೇಣು ಏರಿಸಿದ್ದೆ. ಅದರ ಮೇಲೆ ಕೂತರೆ ತಲೆಯನ್ನು ಗಾಡಿಯ ಹೊರಗಿಡಬೇಕಿತ್ತು.

“ಇದು ಸೀಟಾ, ಅಟ್ಟಾನಾ?”

ಕನ್ನಡವೇ. ಅಷ್ಟೇ ಅಲ್ಲ, ಮುರುಗೇಶನ ಗ್ಯಾರೇಜಿಗೆ ನಾನು ಹೋಗಿಬಂದದ್ದು ನಜೀರನ ಬಾಯಿಂದ ಅವಳಿಗೆ ತಿಳಿದಿತ್ತು. ನಿಮ್ಮ ಭಾವನಿಗೆ ಗಾಡಿ ಇಳಿಸುವ ಶೋಕಿ ಹಿಡಿದಿದೆ ಎಂದು ಮುರುಗೇಶ ಅವನಿಗೆ ಹೇಳಿದ್ದನಂತೆ. ಈ ವಯಸ್ಸಿನಲ್ಲಿ ನಿಮಗ್ಯಾಕೆ ಇದೆಲ್ಲ, ಮನೆಯವರು ಕೇಳಿದ್ದು ಮಾತ್ರ ಕಿವಿಗೆ ಬೀಳುವುದಿಲ್ಲ ಎಂದು ಕನ್ನಡದಲ್ಲೇ ಹೇಳಿ ಒಳಗೆ ಹೋದಳು. ಎಲ್ಲ ನಿನಗಾಗಿಯೇ ಎಂದು ಹೇಳೋಣವೆಂದರೆ ಬಾಯಿ ಬರಲಿಲ್ಲ. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಅಟ್ಟದಂಥ ಸೀಟನ್ನು ಹಿಂದಿಟ್ಟುಕೊಂಡು ಪ್ರೀತಿಯ ಮಾತು ಹೇಗೆ ಆಡುವುದು?

ಮುಖ ಮರೆಸಿಕೊಳ್ಳಲು ಗಾಡಿ ಹತ್ತಿ ಹೊರಟೆ. ಬೀದಿಯ ಕೊನೆಯಲ್ಲಿ ವೇಗ ತಗ್ಗಿಸಲೆಂದು ಹಾಕಿದ ಒಂದು ಹಂಪಿದೆ. ಮಕ್ಕಳು ಓಡಾಡುವ ಜಾಗ, ಎತ್ತರವಾಗಿಯೇ ಹಾಕಿಸಬೇಕು ಎಂದು ಅರ್ಜಿ ಬರೆದು ಸಹಿ ಸಂಗ್ರಹಿಸಿದ್ದವನು ನಾನೇ. ಮುಂದಿನ ಗಾಲಿ ದಾಟಿತು. ಹಿಂದಿನ ಗಾಲಿ ದಾಟಲಿಲ್ಲ. ಗಾಡಿ ಹಂಪಿನ ಮೇಲೆ ಹೊಟ್ಟೆ ಕೊಟ್ಟು ಮಲಗಿತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಬೀದಿಯವರೆಲ್ಲ ಬಂದು ಎತ್ತಿ, ನೂಕಿ, ಸೈಲೆನ್ಸರನ್ನು ಅಲ್ಲೇ ಬಿಡಿಸಿ ನನ್ನ ಕೈಗೆ ಕೊಟ್ಟರು. ಕಾಲೇಜು ಹುಡುಗರು ಮಾತ್ರ ಫೋಟೋ ತೆಗೆದುಕೊಂಡು, ಅಂಕಲ್, ಲುಕ್ ಸೂಪರ್ ಎಂದು ಹೊಗಳಿದರು. ಆ ವಾರ ನನ್ನನ್ನು ಹೊಗಳಿದವರು ಅವರಷ್ಟೇ.

ಮುರುಗೇಶ ಈಗ ನನ್ನನ್ನು ಕಂಡರೆ ಟೀ ತರಿಸುತ್ತಿದ್ದ. ಕಳಚಿದ ಪ್ಲೇಟೆಲ್ಲ ವಾಪಸ್ ಹಾಕು, ತಿರುಗಿಸಿದ ಬೋಲ್ಟೆಲ್ಲ ವಾಪಸ್ ತಿರುಗಿಸು, ನನ್ನ ಗಾಡಿ ನನಗೆ ಮೊದಲಿನ ಹಾಗೆ ಕೊಡು ಎಂದೆ. ಅವನು ಅದೇ ಟಾರ್ಪಾಲಿನ ಮೇಲೆ ಮಲಗಿ ಎಲ್ಲವನ್ನೂ ಮೊದಲಿನ ಹಾಗೆ ಮಾಡಿದ. ಗಾಡಿಯ ಕೆಳಗಿನಿಂದಲೇ, ಇದಕ್ಕೆ ರೋಗ ಏನೂ ಇಲ್ಲ ಭಾಯ್, ಭಾರ ಇಲ್ಲ ಅಷ್ಟೆ, ಒಂದು ಲೋಡ್ ಕಲ್ಲು ಹೇರಿ ನೋಡಿ, ಇಳಿಯುತ್ತದೆ, ಕುಲುಕುವುದೂ ಇಲ್ಲ ಎಂದ. ಕಲ್ಲಿನ ಗಾದಿ ಮಾಡುವ ಕಾಲ ಇನ್ನೂ ಬಂದಿಲ್ಲ ಎಂದು ಸಿಡುಕಿ ಹೊರಟೆ. ಸಿಡುಕಿನಲ್ಲಿ ಟಾರ್ಪಾಲನ್ನು ಅವನ ಬೆನ್ನಿನ ಕೆಳಗೇ ಬಿಟ್ಟುಬಂದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ನಜೀರನ ಕಾರು ಬಂತು. ಜಮೀಲಾ ಮತ್ತು ಗೌರಕ್ಕ ಹತ್ತಿ ಹೋದರು. ಕಾರಿನ ಬಾಗಿಲು ಹಾಕುವಾಗ ಅವಳು ಒಂದು ಸಲ ನನ್ನ ಗಾಡಿಯ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. ನಾನು ಒಬ್ಬನೇ ಹಾಸಿಗೆಗಳನ್ನು ಹೇರಿದೆ. ಎಲ್ಲಕ್ಕಿಂತ ಮೇಲೆ, ನಾಲ್ಕು ಜನ ನೋಡಲಿ ಎಂದು, ಮದುಮಗಳ ಗುಲಾಬಿ ಬಣ್ಣದ ಗಾದಿಯನ್ನಿಟ್ಟು ಹಗ್ಗ ಬಿಗಿದೆ. ಟಿಫನ್ ಡಬ್ಬಿಗೆ ಬೆಲ್ಟು ಹಾಕಿದೆ. ಹೊರಟೆ.

ಮಲವಗೊಪ್ಪದಲ್ಲಿ ಮೋಡ. ಮೇ ತಿಂಗಳ ಮೋಡ ಬರೀ ಹೆದರಿಸುತ್ತದೆ ಎಂದುಕೊಂಡೆ. ಮಾಚೇನಹಳ್ಳಿಗೆ ಮುಂಚೆಯೇ ಕೊಡ ಕವುಚಿದ ಹಾಗೆ ಸುರಿಯಿತು. ಟಾರ್ಪಾಲಿಗೆ ಸೀಟಿನ ಹಿಂದೆ ಕೈ ಹಾಕಿದೆ. ಅದು ಭದ್ರಾವತಿಯಲ್ಲಿ ಮುರುಗೇಶನ ಸೇವೆಯಲ್ಲಿತ್ತು. ನಿಲ್ಲಿಸಲು ಮರವಿಲ್ಲ, ಸೂರಿಲ್ಲ. ಬೇಗ ತಲುಪಿದಷ್ಟೂ ಕಡಿಮೆ ನೆನೆಯುತ್ತದೆ ಎಂದು ಲೆಕ್ಕ ಹಾಕಿ ಓಡಿಸಿದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಗುಂಡಿಗಳು ಬಂದವು, ಹೋದವು, ನನಗೆ ಗೊತ್ತಾಗಲೇ ಇಲ್ಲ. ಟಿಫನ್ ಡಬ್ಬಿ ಸದ್ದು ಮಾಡದೆ ಕೂತಿತ್ತು. ರಸ್ತೆ ರಿಪೇರಿ ಮಾಡಿಬಿಟ್ಟಿದ್ದಾರೆ ಎಂದು ಮೊದಲು ಸರ್ಕಾರವನ್ನು ಹರಸಿದೆ. ಆಮೇಲೆ ಅನುಮಾನ ಬಂದು ಗಾಡಿ ನಿಲ್ಲಿಸಿ, ಮಳೆಯಲ್ಲೇ ಇಳಿದು ನೋಡಿದೆ. ಗಾಡಿ ಇಳಿದಿತ್ತು! ಬೆರಳಿಟ್ಟು ಅಳೆದೆ. ನಾಲ್ಕು ಬೆರಳಿಗೆ ಕಮ್ಮಿಯಿಲ್ಲ! ತೊಟ್ಟಿಲಿನಂತೆ ತೂಗುತ್ತಿತ್ತು! ಒಂದು ವಾರ ಯಾವ ಗ್ಯಾರೇಜಿನಲ್ಲೂ ಆಗದ್ದು ರಸ್ತೆಯ ಮಧ್ಯೆ ತಾನಾಗಿ ಆಗಿತ್ತು. ಹೆಂಡತಿಗೆ ಫೋನ್ ಮಾಡೋಣವೆಂದು ಜೇಬಿಗೆ ಕೈ ಹಾಕಿದವನು ಅಕಸ್ಮಾತ್ತಾಗಿ ಮೇಲೆ ನೋಡಿದೆ.

ಅಷ್ಟೂ ಹಾಸಿಗೆಗಳ ಅಷ್ಟೂ ಹತ್ತಿ ಹೊಟ್ಟೆ ತುಂಬ ನೀರು ಕುಡಿದಿತ್ತು. ಮದುಮಗಳ ಗಾದಿಯಿಂದ ಗುಲಾಬಿ ಬಣ್ಣದ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನು ಫೋನನ್ನು ಜೇಬಿನಲ್ಲೇ ಬಿಟ್ಟೆ.

ಮದುವೆ ಮನೆ ಮುಟ್ಟಿದಾಗ ಮಳೆ ನಿಂತಿತ್ತು, ನನ್ನ ಗಾಡಿಯಿಂದ ಮಾತ್ರ ಸುರಿಯುತ್ತಲೇ ಇತ್ತು. ನಜೀರ್ ಗಾದಿಯನ್ನು ಬೆರಳಿನಿಂದ ಒತ್ತಿದ. ನೀರು ಬಂತು. ನಂಬಿಕೆ ಬಾರದೆ ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಬಂತು. ಚಪ್ಪರದ ಕೆಳಗೆ ನಿಂತಿದ್ದ ಹಿರಿಯರೊಬ್ಬರು, ಒಳ್ಳೆಯದಾಯಿತು, ಟ್ಯಾಂಕರ್ ತರಿಸುವುದು ತಪ್ಪಿತು ಎಂದರು. ಜಮೀಲಾ ಬಾಗಿಲಿಗೆ ಬಂದಳು, ಅವಳ ಹಿಂದೆ ಗೌರಕ್ಕ. ನಾನು ಕನ್ನಡಕ್ಕೆ ತಯಾರಾಗಿ ನಿಂತೆ.

ಅವಳು ಸೆರಗಿನಿಂದ ನನ್ನ ತಲೆ ಒರೆಸಿದಳು. ಅದಕ್ಕೇ ನನ್ನ ಧೈರ್ಯ ಕುಸಿಯಿತು. ಎಲ್ಲರ ಎದುರಿಗೂ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಶೋಕಿಯಲ್ಲ, ನಿನ್ನ ಮೊಣಕಾಲಿಗಾಗಿ ಇಳಿಸಲು ಹೋದದ್ದು, ನಿನ್ನ ಸೊಂಟಕ್ಕಾಗಿ ಮೆತ್ತೆ ಹೊಲಿದದ್ದು, ಮಣೆ ಹಾಕಲಿಲ್ಲ ಅಂದೆಯಲ್ಲ, ಮರ್ಯಾದೆಯಿಂದ ಕರೆದುಕೊಂಡು ಬರೋಣ ಅಂತಿದ್ದೆ, ಹೀಗಾಯಿತು ಎಂದೆ. ಟಿಫನ್ ಡಬ್ಬಿ ಪಕ್ಕದಲ್ಲಿ ಕೂತರೂ ಮಾತಾಡುವುದಿಲ್ಲ ಎಂಬುದನ್ನೂ ಹೇಳಿಬಿಟ್ಟೆ.

ಜಮೀಲಾ ಒದ್ದೆಯಾದ ಸೆರಗನ್ನು ಹಿಂಡುತ್ತಾ ಹೇಳಿದಳು.

“ನಾನು ಕೇಳಿದ್ದು ಮಣೆ ಕಣ್ರೀ. ಮರದ ಮಣೆ. ಕಾಲಿಟ್ಟು ಹತ್ತಕ್ಕೆ.”

ನನಗೆ ಅರ್ಥವಾಗಲಿಲ್ಲ. ಗೌರಕ್ಕ ಮುಂದೆ ಬಂದರು.

“ಹೌದು ಖಲೀಲಣ್ಣ, ನಾನೂ ಅಲ್ಲೇ ಇದ್ನಲ್ಲ. ನಾನಿದೀನಿ ಅಂತಾನೇ ಅವ್ಳು ಕನ್ನಡದಲ್ಲಿ ಹೇಳಿದ್ದು ಮಾರಾಯ.”

ನಮ್ಮ ಸಂಸಾರದ ನಿಯಮಕ್ಕೆ ಒಂದು ತಿದ್ದುಪಡಿ ಇದೆ ಎಂಬುದು ನನಗೆ ಆಗ ಹೊಳೆಯಿತು. ಜಮೀಲಾ ಸಿಟ್ಟು ಬಂದರೆ ಕನ್ನಡ ಮಾತಾಡುತ್ತಾಳೆ. ಗೌರಕ್ಕ ಪಕ್ಕದಲ್ಲಿದ್ದರೂ ಕನ್ನಡ ಮಾತಾಡುತ್ತಾಳೆ! ಅಂದು ಅವಳಿಗೆ ಸಿಟ್ಟೇ ಬಂದಿರಲಿಲ್ಲ. ಗೇಟಿನ ಹತ್ತಿರ ನಿಂತು, ಒಂದು ಮಣೆ ಹಾಕಿದರೆ ಬರುತ್ತೇನೆ ಎಂದು ಬಾಯಿಬಿಟ್ಟು ಕೇಳಿದ್ದಳು. ನಾನು ಅದಕ್ಕೆ ಗ್ಯಾರೇಜು ಹುಡುಕಿಕೊಂಡು ಹೋಗಿದ್ದೆ.

“ಒಂದು ಮಣೆ ಕೇಳಿದ್ರೂ ಹಾಕ್ಲಿಲ್ಲ, ಗಾಡಿಗೆ ಮಾತ್ರ ಶೋಕಿ ಮಾಡಿಸ್ತಿದಾರೆ ಅಂದ್ಕೊಂಡೆ,” ಎಂದಳು ಜಮೀಲಾ. “ನಾನು ಪಕ್ಕದಲ್ಲಿ ಇಲ್ದಿದ್ರೂ ನಿಮಗೆ ನಡೆಯುತ್ತೆ ಅಂದ್ಕೊಂಡೆ. ಕುಲುಕಾಟಕ್ಕೆ ನಾನ್ಯಾವತ್ತು ಬೇಡ ಅಂದಿದ್ದೆ? ಅದು ಇಲ್ದಿದ್ರೆ ನಮ್ಮ ಗಾಡಿ ಅಂತ ಗೊತ್ತಾಗೋದು ಹೆಂಗೆ?”

ಆಮೇಲೆ ಅವಳೇ ನಜೀರನಿಗೆ ಧೈರ್ಯ ಹೇಳಿದಳು. ಗಂಡಿನ ಕಡೆಯವರಿಗೆ ಚಾಪೆ ಜಮಖಾನೆ ಸಾಕು, ಮದುಮಗಳ ಗಾದಿಗೆ ಅಂಗಡಿಯಲ್ಲಿ ಹೊಸ ಹತ್ತಿಯಿದೆ, ನಾವಿಬ್ಬರೂ ಹೋಗಿ ಸಂಜೆಯೊಳಗೆ ಹೊಲಿದು ತರುತ್ತೇವೆ ಎಂದಳು. ಗಾದಿಯ ಅಂಚು ಹೊಲಿಯುವುದರಲ್ಲಿ ಅವಳ ಕೈ ನನಗಿಂತ ಚೆನ್ನ, ಇದನ್ನು ಗಿರಾಕಿಗಳಿಗೆ ಹೇಳಬೇಡಿ. ಇಬ್ಬರೂ ಎಂದಳು! ನಾನು ಅಡುಗೆಮನೆಗೆ ಓಡಿದೆ. ಸಿಕ್ಕ ಮಣೆಯನ್ನು ಎತ್ತಿಕೊಂಡು ಓಡಿಬಂದು, ಗಾಡಿಯ ಬಾಗಿಲಿನ ಕೆಳಗಿಟ್ಟು, ಹತ್ತು ಎಂದು ಕೈ ಚಾಚಿದೆ. ಗೌರಕ್ಕ ಕೂಗಿಕೊಂಡರು. ಗಡಿಬಿಡಿಯಲ್ಲಿ ನಾನು ತಂದಿದ್ದು ಈಳಿಗೆಮಣೆ.

ಗೌರಕ್ಕನೇ ಹೋಗಿ ಕೂರುವ ಮಣೆ ತಂದುಕೊಟ್ಟರು. ಈ ಸಲ ನಾನು ಅದನ್ನು ನೋಡಿ, ತಟ್ಟಿ, ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಾಕಿದೆ. ಜಮೀಲಾ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಕೂತಳು. ಅಷ್ಟೇ. ಟಿಫನ್ ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡಳು. ಒದ್ದೆ ಹಾಸಿಗೆಗಳು ಹಿಂದೆಯೇ ಇದ್ದವು, ಹಾಗಾಗಿ ಗಾಡಿ ತೊಟ್ಟಿಲಿನಂತೆ ತೂಗುತ್ತಾ ಹೊರಟಿತು. ಹೊರಟದ್ದು ಭದ್ರಾವತಿಯಿಂದ ತಾನೆ, ಎಲ್ಲ ತಿರುಗುಮುರುಗು. ಸೇತುವೆಯ ಮೇಲೆ ಮೊದಲೇ ಕ್ಷಮೆ ಸಿಕ್ಕಿತು. ವಿಚಾರಣೆ ಮಾಚೇನಹಳ್ಳಿಯಲ್ಲಿ ಶುರುವಾಯಿತು. ಇಷ್ಟು ತಿಂಗಳ ಬಾಕಿಯಿತ್ತು, ವಿದ್ಯಾನಗರ ಬಂದರೂ ಮುಗಿಯಲಿಲ್ಲ. ಅಷ್ಟು ಸುಖವಾಗಿ ನಾನು ಎಂದೂ ಬೈಗುಳ ತಿಂದಿರಲಿಲ್ಲ.

ಅಂಗಡಿಯಲ್ಲಿ ಹತ್ತಿ ಹರಡಿ, ದಬ್ಬಣಕ್ಕೆ ದಾರ ಪೋಣಿಸಿ, ನಾನು ನನ್ನ ಎಂದಿನ ಜಾಗದಲ್ಲಿ ಕೂತೆ. ಎದುರಿಗೆ ಕುರ್ಚಿಯಲ್ಲಿದ್ದ ಜಮೀಲಾ ಹೊಲಿಯುವುದನ್ನು ಬಿಟ್ಟು ನನ್ನ ಕೆಳಗೆ ನೋಡತೊಡಗಿದಳು. ನೋಡುತ್ತಾ ನೋಡುತ್ತಾ ನಗತೊಡಗಿದಳು. ನಾನೂ ಬಗ್ಗಿ ನೋಡಿದೆ. ನಮ್ಮಪ್ಪನ ಕಾಲದ ಹಲಸಿನ ಮಣೆ, ಒಂದು ಗೇಣು ಎತ್ತರ. ಅದರ ಮೇಲೆ ಕೂತೇ ನಾನು ಆ ಅಟ್ಟದಂಥ ಮೆತ್ತೆ ಹೊಲಿದದ್ದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಗಾದೆಯಿದೆ. ಆ ಗಾದೆಯವರು ಎಷ್ಟೋ ವಾಸಿ, ಅವರು ಕೂಸಿನ ಮೇಲೆ ಕೂತಿರಲಿಲ್ಲ.

ಗಾದಿ ಸಂಜೆಯೊಳಗೆ ಮುಗಿಯಿತು, ಮದುವೆ ಚೆನ್ನಾಗಿ ಆಯಿತು. ಗಂಡಿನ ತಾತ ಮಾತ್ರ ನನ್ನ ಕೈ ಹಿಡಿದು, ಎಷ್ಟೋ ವರ್ಷದ ಬೆನ್ನುನೋವು ರಾತ್ರಿ ನಿಮ್ಮ ಹಾಸಿಗೆಯಲ್ಲಿ ಮಲಗಿ ಹೋಗಿಬಿಟ್ಟಿತು, ನಿಮ್ಮ ಅಂಗಡಿಯ ವಿಳಾಸ ಕೊಡಿ ಎಂದರು. ಅವರು ಮಲಗಿದ್ದು ಬರೀ ನೆಲದ ಮೇಲೆ, ಒಂದು ಜಮಖಾನೆ ಹಾಸಿಕೊಂಡು.

ಈಗ ಪ್ರತಿ ಭಾನುವಾರ ನಾನು ಗಾಡಿಯಿಂದಿಳಿದು, ಸುತ್ತು ಹಾಕಿ ಆ ಕಡೆ ಹೋಗಿ, ಬಾಗಿಲು ತೆಗೆದು ಮಣೆ ಹಾಕುತ್ತೇನೆ. ಬೀದಿಯವರು ನೋಡಿ ನಗುತ್ತಾರೆ, ನಗಲಿ. ಗಾಡಿ ಮೊದಲಿನಷ್ಟೇ ಎತ್ತರ ಇದೆ, ಮೊದಲಿನಷ್ಟೇ ಕುಪ್ಪಳಿಸುತ್ತದೆ. ನಮ್ಮಪ್ಪನ ಆ ಮಣೆ ಗಾಡಿಯಲ್ಲೇ ಇರಬೇಕೆಂದು ಜಮೀಲಾಳ ಅಪ್ಪಣೆಯಾಗಿರುವುದರಿಂದ ಅಂಗಡಿಯಲ್ಲಿ ನಾನು ನೆಲದ ಮೇಲೆ ಕೂತು ಹೊಲಿಯುತ್ತೇನೆ. ಯಾಕೆ ಖಲೀಲ್ ಭಾಯ್, ಇಷ್ಟು ಕೆಳಗೆ ಕೂತಿದೀರಿ ಎಂದು ಗಿರಾಕಿಗಳು ಕೇಳುತ್ತಾರೆ. ಏನು ಹೇಳಲಿ? ನಾಲ್ಕು ಬೆರಳು ಗಾಡಿ ಇಳಿಸಲು ಹೋದವನು ಸರಿಯಾಗಿ ಒಂದು ಗೇಣು ಇಳಿದಿದ್ದೇನೆ.